ತೆಕ್ಕಲಕೋಟೆ ಗುಡ್ಡದಲ್ಲಿ ನಿಧಿ ಇದೆಯಾ? ಫಾರ್ವರ್ಡ್ ಮಾಡುವ ಮುಂಚೆ ಈ ಊರಿನ ನಿಜ ಕತೆ ಓದಿ

ಬಳ್ಳಾರಿಯಲ್ಲಿ ಸಿರುಗುಪ್ಪ ಬಸ್ಸು ಹತ್ತಿದವರಿಗೆಲ್ಲ ತೆಕ್ಕಲಕೋಟೆ ಗೊತ್ತು. ಸಿರುಗುಪ್ಪ ಇನ್ನೇನು ಬಂತು ಅನ್ನುವಾಗ ಸಿಗುವ ಊರು. ಪಟ್ಟಣ ಪಂಚಾಯಿತಿ ಇದೆ, ಅಕ್ಕಿ ಗಿರಣಿಗಳಿವೆ, ಸುತ್ತ ಭತ್ತದ ಗದ್ದೆ, ಹಿಂದೆ ದೊಡ್ಡ ದೊಡ್ಡ ಬಂಡೆಗಳ ಗುಡ್ಡ. ಸಂತೆಯಲ್ಲಿ ಒಂದು ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ಬಸ್ಸಿನಲ್ಲಿ ಕೂತವರು ಕಿಟಕಿಯಾಚೆ ನೋಡಿ ಮತ್ತೆ ಮೊಬೈಲಿಗೆ ತಲೆ ಬಗ್ಗಿಸುತ್ತಾರೆ. ಆ ಮೊಬೈಲಿನಲ್ಲಿ ಬರುವ ಮೆಸೇಜುಗಳಿಂದಲೇ ಈ ಲೇಖನ ಶುರು ಮಾಡಬೇಕಾಗಿದೆ.

ಬಳ್ಳಾರಿ ಸೀಮೆಯ ಗುಡ್ಡಗಳ ಬಗ್ಗೆ ಫ್ಯಾಮಿಲಿ ಗ್ರೂಪುಗಳಲ್ಲಿ ಓಡಾಡುವ ಮಾತುಗಳು ಹೆಚ್ಚುಕಡಿಮೆ ಮೂರು ಥರ. ಗುಡ್ಡದಲ್ಲಿ ಬಂಗಾರದ ನಿಧಿ ಹೂತಿದೆ ಅನ್ನುವುದು ಒಂದು. ಇಲ್ಲಿ ಹಿಂದೆ ಇದ್ದವರು ದೈತ್ಯರು, ಅವರ ಮೂಳೆ ಸಿಕ್ಕಿದೆ ಅನ್ನುವುದು ಇನ್ನೊಂದು. ಎಲ್ಲವೂ ಹತ್ತು ಸಾವಿರ ವರ್ಷ ಹಳೆಯದು, ವಿಜ್ಞಾನಿಗಳೇ ಹೇಳಿದ್ದಾರೆ ಅನ್ನುವುದು ಮೂರನೆಯದು. ನಮಗೆ ಮೊದಲನೆಯದರ ಮೇಲೆ ಹೆಚ್ಚು ಚಿಂತೆ. ಯಾಕೆಂದರೆ ಅದನ್ನು ಓದಿದ ಕೆಲವರು ಸುಮ್ಮನೆ ಕೂರುವುದಿಲ್ಲ, ಹಾರೆ ಗುದ್ದಲಿ ತಗೊಂಡು ಗುಡ್ಡ ಹತ್ತುತ್ತಾರೆ.

ಚುಟುಕಾಗಿ ಉತ್ತರ ಬೇಕಾದವರಿಗೆ: ಬಂಗಾರ ಸಿಕ್ಕಿದ್ದು ನಿಜ, ನಿಧಿ ಅಲ್ಲ. ಮೂಳೆ ಸಿಕ್ಕಿದ್ದು ನಿಜ, ದೈತ್ಯರದ್ದಲ್ಲ. ಹಳೆಯದು ಅನ್ನುವುದೂ ನಿಜ, ಹತ್ತು ಸಾವಿರ ವರ್ಷ ಅಲ್ಲ. ಇನ್ನು ವಿವರಕ್ಕೆ ಬರೋಣ.

ಮೊದಲು ಆ ಮೂಳೆ ಫೋಟೋ

ನೆಲ ಅಗೆದ ಜಾಗದಲ್ಲಿ ಆಳೆತ್ತರದ ಬುರುಡೆ, ಪಕ್ಕದಲ್ಲಿ ಇರುವೆಯಂತೆ ಕಾಣುವ ಮನುಷ್ಯ. ಈ ಫೋಟೋ ನಿಮ್ಮ ಫೋನಿಗೂ ಬಂದಿರುತ್ತದೆ. ಘಟೋತ್ಕಚ ಅಂತಲೋ ರಾಕ್ಷಸ ಅಂತಲೋ ಹೆಸರು, ಊರು ಮಾತ್ರ ಪ್ರತಿ ಸಲ ಬೇರೆ. ಇದು 2002ರಲ್ಲಿ ಅಮೆರಿಕದ ಒಂದು ವೆಬ್‌ಸೈಟ್ ನಡೆಸಿದ ಫೋಟೋಶಾಪ್ ಸ್ಪರ್ಧೆಗೆ ಯಾರೋ ತಯಾರಿಸಿ ಕಳಿಸಿದ ಚಿತ್ರ. ಅದಕ್ಕೆ ಬಳಸಿದ ಅಸಲಿ ಫೋಟೋ ನ್ಯೂಯಾರ್ಕ್ ರಾಜ್ಯದಲ್ಲಿ 2000ದಲ್ಲಿ ನಡೆದ ಒಂದು ಅಗೆತದ್ದು. ಅಲ್ಲಿ ಸಿಕ್ಕಿದ್ದು ಮ್ಯಾಸ್ಟೊಡಾನ್, ಅಂದರೆ ಆನೆಯ ದೂರದ ನೆಂಟ. ಭಾರತದಲ್ಲಿ ಸಿಕ್ಕಿತು ಅಂತ ಈ ಚಿತ್ರ ಎಷ್ಟು ಹರಿದಾಡಿತೆಂದರೆ, 2007ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಇದು ಸುಳ್ಳು ಎಂದು ಲೇಖನವನ್ನೇ ಬರೆಯಬೇಕಾಯಿತು. ಆದರೂ ಇವತ್ತಿಗೂ ನಿಂತಿಲ್ಲ.

ತೆಕ್ಕಲಕೋಟೆಯಲ್ಲಿ ನಿಜವಾಗಿ ಸಿಕ್ಕ ಮೂಳೆಗಳು ನಿಮ್ಮ ನಮ್ಮಂಥ ಮನುಷ್ಯರದ್ದು. ಅವುಗಳನ್ನು ತಜ್ಞರು ಅಳೆದು, ಪರೀಕ್ಷಿಸಿ, ವರದಿಯಲ್ಲಿ ದಾಖಲಿಸಿದ್ದಾರೆ. ಆ ವರದಿ ಬಂದು ಅರವತ್ತು ವರ್ಷವಾಯಿತು.

1963-64ರಲ್ಲಿ ಏನಾಯಿತು

ಪುಣೆಯ ಡೆಕ್ಕನ್ ಕಾಲೇಜಿನಿಂದ ಡಾ. ಎಂ.ಎಸ್. ನಾಗರಾಜರಾವ್ ಅವರ ತಂಡ ತೆಕ್ಕಲಕೋಟೆಯ ಗುಡ್ಡಗಳಲ್ಲಿ ಉತ್ಖನನ ಮಾಡಿತು. ಮೂಳೆಗಳ ಅಧ್ಯಯನ ಮಾಡಿದವರು ಕೆ.ಸಿ. ಮಲ್ಹೋತ್ರ. 1965ರಲ್ಲಿ ಇಬ್ಬರ ಹೆಸರಿನಲ್ಲಿ ಇಂಗ್ಲಿಷ್ ಪುಸ್ತಕ ಬಂತು. ಅದರ ಹೆಸರಿನ ಅರ್ಥ ಹೆಚ್ಚುಕಡಿಮೆ ‘ತೆಕ್ಕಲಕೋಟೆಯ ಶಿಲಾಯುಗದ ಗುಡ್ಡವಾಸಿಗಳು’. ದಕ್ಷಿಣ ಭಾರತದ ನವಶಿಲಾಯುಗದ ಬಗ್ಗೆ ಓದುವ ವಿದ್ಯಾರ್ಥಿಗಳು ಈ ಊರಿನ ಹೆಸರು ಓದದೆ ಪರೀಕ್ಷೆ ಬರೆಯುವ ಹಾಗಿಲ್ಲ. ದಿನಾ ಇದೇ ರಸ್ತೆಯಲ್ಲಿ ಓಡಾಡುವ ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆ ಅನ್ನುವುದು ಬೇರೆ ಮಾತು.

ನವಶಿಲಾಯುಗ ಅಂದರೆ ಕಲ್ಲನ್ನು ಒಡೆದು ಬಳಸುವುದರ ಜೊತೆಗೆ ಉಜ್ಜಿ ನಯ ಮಾಡಿ ಬಳಸುತ್ತಿದ್ದ ಕಾಲ. ಬೇಟೆಯೊಂದನ್ನೇ ನಂಬದೆ ದನ, ಕುರಿ ಸಾಕಿ, ಬೆಳೆ ಬೆಳೆದು, ಒಂದು ಕಡೆ ಮನೆ ಕಟ್ಟಿಕೊಂಡು ಇರಲು ಜನ ಕಲಿತ ಕಾಲವೂ ಹೌದು.

ತೆಕ್ಕಲಕೋಟೆಯವರು ಗುಡ್ಡದ ಮೇಲೆ, ಬಂಡೆಗಳ ನಡುವೆ ಸಮತಟ್ಟಾದ ಜಾಗ ನೋಡಿ ದುಂಡನೆಯ ಗುಡಿಸಲು ಹಾಕಿದ್ದರು. ಗುಡಿಸಲುಗಳು ಕೊಳೆತು ಹೋಗಿ ಸಾವಿರಾರು ವರ್ಷ ಆಗಿರುವಾಗ ದುಂಡಗಿದ್ದವು ಅಂತ ಹೇಗೆ ಗೊತ್ತಾಯಿತು? ಕಂಬ ನೆಟ್ಟ ಗುಂಡಿಗಳಿಂದ. ಮರದ ಕಂಬ ಕೊಳೆತ ಮೇಲೆ ಆ ಜಾಗದಲ್ಲಿ ಬೇರೆ ಬಣ್ಣದ ಸಡಿಲ ಮಣ್ಣು ತುಂಬಿಕೊಳ್ಳುತ್ತದೆ. ಮೇಲಿನ ಮಣ್ಣನ್ನು ಪದರ ಪದರವಾಗಿ ಕೆರೆದು ತೆಗೆದರೆ ಆ ಗುಂಡಿಗಳು ವೃತ್ತಾಕಾರದಲ್ಲಿ ಕಪ್ಪು ಚುಕ್ಕೆಗಳ ಹಾಗೆ ಕಾಣುತ್ತವೆ. ಗುದ್ದಲಿಯಿಂದ ಒಮ್ಮೆ ಅಗೆದರೆ ಮಾತ್ರ ಏನೂ ಕಾಣುವುದಿಲ್ಲ. ಇದನ್ನು ನೆನಪಿಡಿ, ನಿಧಿಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಈ ಗುಡಿಸಲುಗಳ ಗೋಡೆ, ಮಾಡು ಹೇಗಿದ್ದಿರಬಹುದು ಎಂದು ಊಹಿಸಲು ಸಂಶೋಧಕರು ದೂರ ಹೋಗಲಿಲ್ಲ. ಅದೇ ಊರಿನಲ್ಲಿ, ತೆಲುಗಿನಲ್ಲಿ ಬೋಯ ಅನ್ನುವ ಬೇಡ ಸಮುದಾಯದವರು ಆಗ ಕಟ್ಟಿಕೊಳ್ಳುತ್ತಿದ್ದ ದುಂಡು ಗುಡಿಸಲುಗಳನ್ನು ನೋಡಿ ಹೋಲಿಸಿದರು. ಹಾಗಂತ ‘ಗುಡ್ಡದವರೇ ಇವರ ಪೂರ್ವಜರು, ಸಾಬೀತಾಗಿದೆ’ ಎಂದು ಯಾರಾದರೂ ಫಾರ್ವರ್ಡ್ ಮಾಡಿದರೆ ಅದೂ ತಪ್ಪು. ಒಂದೇ ಬಿಸಿಲು, ಒಂದೇ ಥರದ ಕಟ್ಟಿಗೆ ಹುಲ್ಲು ಇದ್ದಾಗ ಮನೆಗಳೂ ಒಂದೇ ಥರ ಇರಬಹುದು. ಮನೆಯ ಆಕಾರ ವಂಶವನ್ನು ಹೇಳುವುದಿಲ್ಲ.

ಸತ್ತವರನ್ನು ದೂರದ ಸ್ಮಶಾನಕ್ಕೆ ಒಯ್ಯದೆ ವಸತಿಯ ಜಾಗದಲ್ಲೇ ಹೂಳುತ್ತಿದ್ದರು. ಎಳೆ ಮಕ್ಕಳನ್ನು ಮಣ್ಣಿನ ಮಡಕೆಯಲ್ಲಿಟ್ಟು ಹೂತಿದ್ದಾರೆ. ‘ಮಡಕೆ ಸಿಕ್ಕಿತು’ ಅಂದ ಕೂಡಲೇ ನಮ್ಮ ಜನಕ್ಕೆ ಹೊಳೆಯುವುದು ಹೊನ್ನು ತುಂಬಿದ ಕೊಪ್ಪರಿಗೆ. ಇಂಥ ಗುಡ್ಡದಲ್ಲಿ ಆ ಮಡಕೆಯೊಳಗೆ ಇರುವುದು ಒಂದು ಮಗು.

ಎಷ್ಟು ವರ್ಷ ಹಳೆಯದು? ಹೇಗೆ ಗೊತ್ತು?

ಉತ್ಖನನದಲ್ಲಿ ಸಿಕ್ಕ ಇದ್ದಿಲಿನ ಚೂರುಗಳನ್ನು ಆಗ ಮುಂಬಯಿಯಲ್ಲಿದ್ದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯಕ್ಕೆ ಕಳಿಸಿ ರೇಡಿಯೊ ಕಾರ್ಬನ್ ಪರೀಕ್ಷೆ ಮಾಡಿಸಿದರು. ಅದರ ಲೆಕ್ಕ ಇಷ್ಟೆ. ಗಿಡಮರಗಳು ಗಾಳಿಯಿಂದ ಇಂಗಾಲ ತಗೊಳ್ಳುತ್ತವೆ. ಅದರಲ್ಲಿ ಅತಿ ಸಣ್ಣ ಪಾಲು ಕಾರ್ಬನ್-14 ಎಂಬ ವಿಕಿರಣಶೀಲ ಬಗೆಯದು. ಮರ ಬದುಕಿರುವ ತನಕ ಅದು ಒಳಗೆ ಬರುತ್ತಲೇ ಇರುತ್ತದೆ. ಕಡಿದು ಒಲೆಗೆ ಹಾಕಿದ ಮೇಲೆ ಬರುವುದು ನಿಲ್ಲುತ್ತದೆ, ಇದ್ದದ್ದು ಕರಗುತ್ತ ಹೋಗುತ್ತದೆ. ಸುಮಾರು 5,730 ವರ್ಷಕ್ಕೆ ಅರ್ಧ ಉಳಿಯುತ್ತದೆ. 3,700 ವರ್ಷ ಹಳೆಯ ಇದ್ದಿಲಾದರೆ ನೂರಕ್ಕೆ ಸುಮಾರು 64 ಪಾಲು ಉಳಿದಿರುತ್ತದೆ. ಈ ವಿಧಾನ ಕಂಡುಹಿಡಿದ ವಿಲ್ಲರ್ಡ್ ಲಿಬಿ ಅವರಿಗೆ 1960ರಲ್ಲಿ ನೊಬೆಲ್ ಬಂತು. ಹೀಗೆ ಬಂದ ಲೆಕ್ಕವನ್ನು ಮರದ ಕಾಂಡದ ವರ್ಷದ ಉಂಗುರಗಳ ಜೊತೆ ಹೋಲಿಸಿ ತಿದ್ದುವ ಪದ್ಧತಿ ಆಮೇಲೆ ಬಂತು. ಹಳೆಯ ಪುಸ್ತಕದಲ್ಲಿರುವ ಇಸವಿಗೂ ಹೊಸ ಲೇಖನದಲ್ಲಿರುವ ಇಸವಿಗೂ ಒಂದಷ್ಟು ವ್ಯತ್ಯಾಸ ಕಂಡರೆ ಅದಕ್ಕೆ ಇದೇ ಕಾರಣ.

ತೆಕ್ಕಲಕೋಟೆಯ ಗುಡ್ಡದ ವಸತಿ ಕ್ರಿ.ಪೂ. ಎರಡನೇ ಸಹಸ್ರಮಾನದ ಮೊದಲ ಅರ್ಧದ್ದು. ಇವತ್ತಿಗೆ ಸುಮಾರು 3,500ರಿಂದ 4,000 ವರ್ಷ. ವಿಜಯನಗರ ಸಾಮ್ರಾಜ್ಯ ಶುರುವಾದದ್ದು 1336ರಲ್ಲಿ. ಹಾಗಾಗಿ ನಾವೆಲ್ಲ ಟಿಕೆಟ್ ತಗೊಂಡು ನೋಡಲು ಹೋಗುವ ಹಂಪಿಗಿಂತ ಈ ಗುಡ್ಡದ ಒಲೆಗಳು ಸುಮಾರು ಮೂರು ಸಾವಿರ ವರ್ಷ ಹಿರಿಯವು. ಇಷ್ಟು ದೊಡ್ಡ ನಿಜ ಕೈಯಲ್ಲಿರುವಾಗ ಹತ್ತು ಸಾವಿರ ಅಂತ ಸುಳ್ಳು ಯಾಕೆ ಹೇಳಬೇಕೋ ನಮಗಂತೂ ತಿಳಿಯದು.

ಇನ್ನೊಂದು ಮಾತು. ಕಾರ್ಬನ್ ಪರೀಕ್ಷೆ ನಡೆಯುವುದು ಒಮ್ಮೆ ಜೀವ ಇದ್ದ ವಸ್ತುಗಳಿಗೆ ಮಾತ್ರ: ಇದ್ದಿಲು, ಕಾಳು, ಮೂಳೆ, ಬಟ್ಟೆ. ‘ಕಲ್ಲಿನ ವಿಗ್ರಹಕ್ಕೆ ಕಾರ್ಬನ್ ಟೆಸ್ಟ್ ಮಾಡಿಸಿದ್ದಾರೆ, ಇಷ್ಟು ಸಾವಿರ ವರ್ಷ ಬಂತು’ ಅಂತ ಯಾವ ಮೆಸೇಜು ಬಂದರೂ ಕಣ್ಣು ಮುಚ್ಚಿ ಡಿಲೀಟ್ ಮಾಡಬಹುದು. ಬಂಗಾರಕ್ಕೂ ಅಷ್ಟೆ.

ಅವರು ಏನು ತಿನ್ನುತ್ತಿದ್ದರು?

ನಮಗೆ ಅತ್ಯಂತ ಇಷ್ಟವಾದ ಭಾಗ ಇದು. ಸುಮಾರು ಮೂರು ದಶಕಗಳ ಹಿಂದೆ ಡೋರಿಯನ್ ಫುಲ್ಲರ್ ಎಂಬ ಸಂಶೋಧಕರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮೊದಲಾದವರ ಜೊತೆ ಬಳ್ಳಾರಿ ಸೀಮೆಯ ಹಳೆಯ ನೆಲೆಗಳಿಂದ ಮಣ್ಣು ಸಂಗ್ರಹಿಸಿದರು. ಸಂಗನಕಲ್ಲಿನ ಜೊತೆಗೆ ತೆಕ್ಕಲಕೋಟೆಯೂ ಅದರಲ್ಲಿತ್ತು. ಆ ಮಣ್ಣನ್ನು ನೀರಿಗೆ ಹಾಕಿ ಕಲಕಿದರೆ ಮಣ್ಣು ತಳ ಸೇರುತ್ತದೆ, ಸುಟ್ಟು ಕರಿಯಾದ ಕಾಳುಗಳು ತೇಲುತ್ತವೆ. ಅವುಗಳನ್ನು ಸಣ್ಣ ಜರಡಿಯಲ್ಲಿ ಸೋಸಿ, ನೆರಳಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅಡುಗೆ ಮಾಡುವಾಗ ಒಲೆಗೆ ಬಿದ್ದು ಕರಕಲಾದ ಕಾಳು ಹುಳ ತಿನ್ನದೆ, ಕೊಳೆಯದೆ ಹಾಗೇ ಉಳಿದುಬಿಡುತ್ತದೆ. ನಾಲ್ಕು ಸಾವಿರ ವರ್ಷದ ಹಿಂದೆ ಯಾರದೋ ಕೈಜಾರಿದ ಒಂದು ಹಿಡಿ ಕಾಳು ಇವತ್ತಿನ ವಿಜ್ಞಾನಕ್ಕೆ ಆಸ್ತಿ.

ಈ ಸೀಮೆಯ ನೆಲೆಗಳಲ್ಲಿ ಮುಖ್ಯವಾಗಿ ಸಿಕ್ಕಿದ್ದು ಹುರುಳಿ, ಹೆಸರು, ಮತ್ತು ಕೊರಲೆಯಂಥ ಸಿರಿಧಾನ್ಯಗಳು. ಗೋಧಿ, ಬಾರ್ಲಿ ಅಲ್ಲಲ್ಲಿ ಸ್ವಲ್ಪ ಇವೆ. ಹೊರಗಿನಿಂದ ಬಂದವರು ಬೇಸಾಯ ಕಲಿಸಿದರು ಎಂದು ಬಹಳ ಕಾಲ ನಂಬಿದ್ದರು. ಇಲ್ಲಿಯದೇ ಕಾಡುಹುಲ್ಲು, ಕಾಡುಬಳ್ಳಿಗಳನ್ನು ಇಲ್ಲಿಯ ಜನರೇ ಪಳಗಿಸಿ ಬೆಳೆ ಮಾಡಿಕೊಂಡಿರಬೇಕು ಎಂಬ ವಾದಕ್ಕೆ ಬಲ ಬಂದದ್ದು ಈ ಕರಕಲು ಕಾಳುಗಳಿಂದ. ನಿಮ್ಮ ಮನೆಯ ಹುರುಳಿಕಟ್ಟಿನ ಸಾರಿಗೆ ಇಷ್ಟು ಹಳೆಯ ವಂಶಾವಳಿ ಇದೆ.

ಗುಡ್ಡದವರ ಇನ್ನೊಂದು ಆಸ್ತಿ ದನ. ಆ ಕಾಲದ ಜನ ಬಂಡೆಗಳ ಮೇಲೆ ಕುಟ್ಟಿ ಬಿಡಿಸಿದ ಡುಬ್ಬದ ಎತ್ತುಗಳನ್ನು ಬಳ್ಳಾರಿಯ ಪಕ್ಕದ ಕುಪ್ಪಗಲ್ಲು ಗುಡ್ಡದಲ್ಲಿ ಇಂದಿಗೂ ನೋಡಬಹುದು. ಬಳ್ಳಾರಿ-ಹೊಸಪೇಟೆ ರಸ್ತೆಯ ಕುಡತಿನಿ ಹತ್ತಿರದ ಬೂದಿದಿಬ್ಬವೂ ದನದ ಕತೆಯೇ. ಇಂಥ ದಿಬ್ಬಗಳು ರಾಕ್ಷಸರನ್ನು ಸುಟ್ಟ ಬೂದಿ ಅಂತ ಜನ ಹೇಳುತ್ತಾರೆ. ಹಂಪಿ ಬಳಿಯ ನಿಂಬಾಪುರದ ದಿಬ್ಬವನ್ನಂತೂ ವಾಲಿಯ ಚಿತೆ ಎಂದೇ ನಂಬಿದ್ದಾರೆ. ನಂಬಿಕೆ ಇರಲಿ, ಅದಕ್ಕೆ ನಮ್ಮ ತಕರಾರಿಲ್ಲ. ಆ ಬೂದಿ ಏನು ಎಂಬ ಪ್ರಶ್ನೆಗೆ ಉತ್ತರ ಬೇರೆ ಇದೆ: ಅದು ಸುಟ್ಟ ಸಗಣಿ. ಉಟ್ನೂರಿನಲ್ಲಿ 1957ರಲ್ಲಿ ರೇಮಂಡ್ ಆಲ್ಚಿನ್ ಇಂಥ ಒಂದು ದಿಬ್ಬ ಅಗೆದಾಗ ದೊಡ್ಡಿಯ ಬೇಲಿಕಂಬದ ಗುಂಡಿಗಳೂ ದನಗಳ ಗೊರಸಿನ ಗುರುತುಗಳೂ ಕಂಡವು. ದೊಡ್ಡಿಯಲ್ಲಿ ವರ್ಷಾನುಗಟ್ಟಲೆ ಬಿದ್ದ ಸಗಣಿಗೆ ಆಗಾಗ ಬೆಂಕಿ ಇಟ್ಟಿದ್ದಾರೆ. ಯಾಕೆ ಇಟ್ಟರು, ಹಬ್ಬಕ್ಕೋ ರೋಗಕ್ಕೋ, ಅನ್ನುವುದರ ಮೇಲೆ ವಿದ್ವಾಂಸರ ಜಗಳ ಮುಗಿದಿಲ್ಲ. ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುವ ಪದ್ಧತಿಯನ್ನು ಆಲ್ಚಿನ್ ಇದಕ್ಕೆ ಹೋಲಿಸಿ ನೋಡಿದ್ದರು.

ಹುರುಳಿಯಿಂದ ಸೋನಾ ಮಸೂರಿಗೆ

ಈಗ ಗುಡ್ಡದಿಂದ ಕೆಳಗಿಳಿದು ಗದ್ದೆ ನೋಡೋಣ. ಕೊರಲೆ, ಹುರುಳಿ ತಿಂದ ಜನರ ಗುಡ್ಡದ ಸುತ್ತ ಇವತ್ತು ಭತ್ತ. ಸಿರುಗುಪ್ಪ ತಾಲ್ಲೂಕಿನ ಸೋನಾ ಮಸೂರಿ ಅಕ್ಕಿ ದೂರದೂರಿಗೆ ಹೋಗುತ್ತದೆ. ‘ಡ್ಯಾಂ ಬರುವ ಮುಂಚೆ ಇಲ್ಲಿ ಭತ್ತವೇ ಇರಲಿಲ್ಲ’ ಎನ್ನುವ ಮಾತಿದೆ, ಅದು ಪೂರ್ತಿ ಸರಿಯಲ್ಲ. ತುಂಗಭದ್ರೆಯಿಂದ ವಿಜಯನಗರ ಕಾಲದಲ್ಲಿ ತೆಗೆದ ಕಾಲುವೆಗಳಲ್ಲಿ ಸಿರುಗುಪ್ಪದ್ದೂ ಒಂದು, ದೇಶನೂರಿನದ್ದೂ ಒಂದು. ಹೊಳೆ ದಂಡೆಯ ಪಟ್ಟಿಯಲ್ಲಿ ಭತ್ತ ಆಗಲೇ ಇತ್ತು. ಒಳನಾಡಿನ ಎರೆಭೂಮಿಗೆ ಅದು ಹರಡಿದ್ದು 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಬಂದ ಮೇಲೆ. ಆ ವರ್ಷವೇ, ಅಕ್ಟೋಬರ್ 1ರಂದು, ಮದ್ರಾಸ್ ರಾಜ್ಯದಲ್ಲಿದ್ದ ಸಿರುಗುಪ್ಪ ತಾಲ್ಲೂಕು ಬಳ್ಳಾರಿಯ ಜೊತೆ ಮೈಸೂರು ರಾಜ್ಯಕ್ಕೆ ಸೇರಿತು. ಪಕ್ಕದ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ನೀರನ್ನೂ ಗಡಿಯನ್ನೂ ಒಂದೇ ವರ್ಷದಲ್ಲಿ ಕಂಡ ಸೀಮೆ ಇದು. ತುಂಗಭದ್ರಾ ಬಲದಂಡೆಯ ಕೆಳಮಟ್ಟದ ಕಾಲುವೆಯ ನೀರಿಗೆ ಎರಡೂ ರಾಜ್ಯದವರು ಪಾಲುದಾರರು.

ನೀರು ತಂದ ಸಮಸ್ಯೆಗಳೂ ಇವೆ. ಎರೆಮಣ್ಣಿಗೆ ವರ್ಷವಿಡೀ ನೀರು ನಿಲ್ಲಿಸಿದರೆ ಬಸಿದು ಹೋಗುವುದಿಲ್ಲ. ತಳದ ಉಪ್ಪು ಮೇಲೆ ಬಂದು ಭೂಮಿ ಸವಳಾಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಇದು ದೊಡ್ಡ ಸಮಸ್ಯೆ, ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದರ ಮೇಲೆ ಬಹಳ ವರ್ಷದಿಂದ ಕೆಲಸ ನಡೆದಿದೆ. ಅತ್ತ ಜಲಾಶಯದಲ್ಲಿ ಹೂಳು ತುಂಬಿ, ಶುರುವಿನಲ್ಲಿ 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟ್ ಸರಪಳಿ ಕಡಿದು ಕೊಚ್ಚಿಹೋದಾಗ ಇಡೀ ಸೀಮೆ ನಿದ್ದೆ ಬಿಟ್ಟು ಕೂತಿತ್ತು. ಡ್ಯಾಮೇ ಒಡೆಯಿತು ಅನ್ನುವ ಫಾರ್ವರ್ಡ್ ಬಂದರೆ ನಂಬಬೇಡಿ. ಹೋದದ್ದು 33ರಲ್ಲಿ ಒಂದು ಗೇಟು. ಅಣೆಕಟ್ಟಿಗೆ ಏನೂ ಆಗಲಿಲ್ಲ.

ಸರಿ, ಬಂಗಾರದ ವಿಷಯ

ತೆಕ್ಕಲಕೋಟೆಯ ಉತ್ಖನನದಲ್ಲಿ ಚಿನ್ನದ ಪುಟ್ಟ ಆಭರಣ ಸಿಕ್ಕಿದೆ. ತಾಮ್ರದ ವಸ್ತುಗಳೂ ಸಿಕ್ಕಿವೆ. ಕಲ್ಲಿನ ಕೊಡಲಿ ಹಿಡಿದ ಜನಕ್ಕೆ ಬಂಗಾರ ಗೊತ್ತಿತ್ತು ಅನ್ನುವುದೇ ಅದರ ಮಹತ್ವ. ತೂಕದಲ್ಲಿ ಅದು ಏನೂ ಅಲ್ಲ. ಕೊಪ್ಪರಿಗೆಗಟ್ಟಲೆ ಹೊನ್ನು ಆ ಗುಡಿಸಲುಗಳಲ್ಲಿ ಇರಲು ಸಾಧ್ಯವೂ ಇಲ್ಲ. ನಮ್ಮ ದೇಶದಲ್ಲಿ ನಾಣ್ಯ ಶುರುವಾದದ್ದೇ ಅದಾದ ಸಾವಿರ ವರ್ಷದ ಮೇಲೆ. ಅಲ್ಲಿ ರಾಜ ಇರಲಿಲ್ಲ, ಖಜಾನೆ ಇರಲಿಲ್ಲ, ದೋಚಲು ಬರುವ ದಂಡಿಗೆ ಹೆದರಿ ಹೂತಿಡುವ ಸಂಪತ್ತೂ ಇರಲಿಲ್ಲ.

ಹಾಗಿದ್ದರೂ ಅಗೆಯುವವರು ಅಗೆಯುತ್ತಾರೆ. ಅಮಾವಾಸ್ಯೆ ರಾತ್ರಿ, ನಿಂಬೆಹಣ್ಣು, ಕುಂಕುಮ, ಒಂದು ಗುಂಡಿ. ಇಂಥ ಗುಂಡಿಗಳು ಬಳ್ಳಾರಿಯಲ್ಲಷ್ಟೇ ಅಲ್ಲ, ಕರ್ನಾಟಕದ ಉದ್ದಗಲಕ್ಕೂ ಹಳೆಯ ಜಾಗಗಳಲ್ಲಿ ಕಾಣುತ್ತವೆ. ಗುಂಡಿ ತೋಡಿದವನಿಗೆ ಏನೂ ಸಿಗುವುದಿಲ್ಲ, ಮನೆಗೆ ಹೋಗುತ್ತಾನೆ. ಆ ಗುಂಡಿಯಲ್ಲಿ ಏನು ಕಳೆಯಿತು ನೋಡಿ. ಮಣ್ಣಿನ ಪದರಗಳು ಕಲಸಿಹೋದವು. ಕೆಳಗಿದ್ದ ಹಳೆಯ ಇದ್ದಿಲು ಮೇಲೆ ಬಂತು, ಮೇಲಿದ್ದ ನಿನ್ನೆಯ ಬೀಡಿ ತುಂಡು ಕೆಳಗೆ ಹೋಯಿತು. ಕಂಬದ ಗುಂಡಿಗಳ ಚುಕ್ಕೆ ಅಳಿಸಿತು. ಕರಕಲು ಹುರುಳಿ ಯಾವ ಒಲೆಯದು, ಯಾವ ಕಾಲದ್ದು ಅಂತ ಹೇಳಲು ಇನ್ನು ಯಾರಿಂದಲೂ ಆಗದು. ಗೋಡೆ ಬಿದ್ದರೆ ಮತ್ತೆ ಕಟ್ಟಬಹುದು, ಕಲಸಿದ ಮಣ್ಣನ್ನು ಮತ್ತೆ ಪದರ ಮಾಡಲು ಬರುವುದಿಲ್ಲ. ಕಲ್ಲು ಗಣಿಗಾರಿಕೆಯೂ ಇದೇ ಕೆಲಸ ಮಾಡುತ್ತದೆ, ಇನ್ನೂ ಬೇಗ. ಸಂಗನಕಲ್ಲು-ಕುಪ್ಪಗಲ್ಲು ಗುಡ್ಡಗಳಲ್ಲಿ ಕ್ವಾರಿಗಳಿಂದ ಆದ ಹಾನಿಯ ಬಗ್ಗೆ ಸಂಶೋಧಕರು ಎಷ್ಟೋ ಸಲ ಬರೆದಿದ್ದಾರೆ.

ಕಾನೂನು ಕೂಡ ತಿಳಿದಿರಲಿ. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ. ಮನೆ ಪಾಯ ತೆಗೆಯುವಾಗಲೋ ಹೊಲ ಉಳುವಾಗಲೋ ಬೆಲೆಬಾಳುವ ಹಳೆಯ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಬಚ್ಚಿಟ್ಟರೆ ಅಪರಾಧ. ‘ನಮ್ಮ ಹೊಲ, ನಮ್ಮ ಬಂಗಾರ’ ಎನ್ನುವಂತಿಲ್ಲ.

ಬೆಲೆ ಇಲ್ಲದ ವಸ್ತು ಸಿಕ್ಕರೆ? ಹೆಚ್ಚಾಗಿ ಸಿಗುವುದು ಅದೇ. ಅಂಗೈಯಷ್ಟು ಉದ್ದದ, ಒಂದು ತುದಿ ಚೂಪಾದ, ಮುಟ್ಟಿದರೆ ನುಣ್ಣಗಿರುವ ಕಪ್ಪು ಕಲ್ಲು. ಅಂಥ ಕಲ್ಲು ಹೊಲದ ಬದುವಿನಲ್ಲಿ ಕಂಡರೆ ಅದು ಕೊಡಲಿ ಇರಬಹುದು. ಅದು ಬಿದ್ದ ಜಾಗದಲ್ಲೇ ಒಂದು ಫೋಟೋ ತೆಗೆಯಿರಿ, ಅಳತೆ ಗೊತ್ತಾಗಲು ಪಕ್ಕದಲ್ಲಿ ಒಂದು ಪೆನ್ನು ಇಡಿ, ಲೊಕೇಶನ್ ಸೇವ್ ಮಾಡಿಕೊಳ್ಳಿ, ಕಲ್ಲನ್ನು ಅಲ್ಲೇ ಬಿಡಿ. ಬಳ್ಳಾರಿ ನಗರದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯ ಇದೆ. ಫೂಟ್ 1863ರಲ್ಲಿ ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ ಮೊದಲ ಕಲ್ಲಿನ ಕೈಗೊಡಲಿ ಕಂಡುಹಿಡಿದ ಭೂವಿಜ್ಞಾನಿ, ಬಳ್ಳಾರಿ ಗುಡ್ಡಗಳನ್ನೂ ಸುತ್ತಿದವರು. ಫೋಟೋ ಅಲ್ಲಿಗೆ ಒಯ್ದು ತೋರಿಸಿ. ಅಲ್ಲಿಯ ಗಾಜಿನ ಪೆಟ್ಟಿಗೆಗಳಲ್ಲಿರುವ ಕೊಡಲಿಗಳನ್ನು ನೋಡಿದರೆ ನಿಮಗೆ ಸಿಕ್ಕಿದ್ದು ಏನು ಅಂತ ಅರ್ಧ ಉತ್ತರ ನಿಮಗೇ ಸಿಗುತ್ತದೆ. ಮಕ್ಕಳನ್ನೂ ಕರೆದುಕೊಂಡು ಹೋಗಿ.